ಮೂಲವೂ ನಕಲೂ

ಒಂದು ವಸ್ತುವಿನ ಭಾಗಗಳು ಒಂದೊಂದಾಗಿ ಸವೆದು, ಅವುಗಳ ಸ್ಥಾನದಲ್ಲಿ ಹೊಸವು ಬಂದು ಕುಳಿತ ಮೇಲೆ, ಅದು ಹಳೆಯ ವಸ್ತುವೇ ಆಗಿ ಉಳಿಯುವುದೇ? ಪ್ರಶ್ನೆ ಪುರಾತನವಾದುದು. ಥೀಸಿಯಸನ ಹಡಗಿನ ಹಲಗೆಗಳು ಕೊಳೆತಂತೆಲ್ಲ ಅಥೆನ್ಸಿನ ಜನರು ಹೊಸ ಹಲಗೆಗಳನ್ನು ಜೋಡಿಸುತ್ತ ಬಂದರೆಂದೂ, ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞರು ವಾದಿಸಿದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಪಾಲಿ ಭಾಷೆಯ 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನನು ರಥದ ಅಚ್ಚು, ಚಕ್ರ, ನೊಗಗಳನ್ನು ಒಂದೊಂದಾಗಿ ಹೆಸರಿಸಿ, ಇವುಗಳಲ್ಲಿ ರಥ ಯಾವುದೆಂದು ಮಿಲಿಂದ ರಾಜನನ್ನು ಕೇಳುತ್ತಾನೆ. ಯಾವುದೂ ಅಲ್ಲವೆಂದು ರಾಜನು ಒಪ್ಪಬೇಕಾಗುತ್ತದೆ. ಆದರೆ ಅವನು ಬಂದದ್ದು ಮಾತ್ರ ರಥದಲ್ಲಿಯೇ.

ಮಾರಂಡಹಳ್ಳಿಯಲ್ಲಿ ಈ ಪ್ರಶ್ನೆ ನಮಗೆ ಮೋಟಾರ್ ಸೈಕಲ್ಲಿನ ರೂಪದಲ್ಲಿ ಎದುರಾಯಿತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನಿಗೂ ಈಗ ಐವತ್ತು ದಾಟಿದೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ದುಡಿದು ಊರಿಗೆ ಮರಳಿದವನು. ಮನೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ ಹಳೆಯದೊಂದು ಲೇತ್ ಯಂತ್ರವನ್ನು ನಿಲ್ಲಿಸಿಕೊಂಡು, ತಂದೆಯವರು 1969ರಲ್ಲಿ ಕೊಂಡಿದ್ದ ಜಾವಾ ಗಾಡಿಗೆ ಮರುಜೀವ ಕೊಡುತ್ತಿದ್ದಾನೆ.

ಜಾವಾ ಎಂದರೆ ನಮ್ಮ ತಲೆಮಾರಿನವರಿಗೆ ವಿವರಣೆ ಬೇಕಿಲ್ಲ. ಕಿರಿಯರಿಗಾಗಿ ಎರಡು ಮಾತು. ಝೆಕೊಸ್ಲೊವಾಕಿಯಾದ ವಿನ್ಯಾಸವನ್ನು ಪರವಾನಗಿಯ ಮೇಲೆ ತಂದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಈ ಗಾಡಿಗಳನ್ನು ತಯಾರಿಸಿತು. ಮುಂದೆ ಎಪ್ಪತ್ತರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ. ಗಾಡಿಯನ್ನು ಚಾಲೂ ಮಾಡುವ ಕಿಕ್ಕರೇ ಆಮೇಲೆ ಗೇರಿನ ಕಡ್ಡಿಯೂ ಆಗುವ ಮಿತವ್ಯಯ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರಿನ ಹೊಸ ಗಾಡಿಗಳು 2018ರಲ್ಲಿ ಬೇರೆ ಕಂಪನಿಯಿಂದ ಬಂದವಾದರೂ ಅವುಗಳ ಭಾಗಗಳು ಹಳೆಯ ಗಾಡಿಗೆ ಕೂರುವುದಿಲ್ಲ. ಆದ್ದರಿಂದ ಹಳೆಯ ಗಾಡಿಯನ್ನು ಇಟ್ಟುಕೊಂಡವನು ಒಂದೋ ಗುಜರಿಯಲ್ಲಿ ಹುಡುಕಬೇಕು, ಇಲ್ಲವೇ ತಾನೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳುವುದು ಎಂಬಲ್ಲಿಯೇ ಮೊದಲ ತೊಡಕು ಇದೆ. ಹಿಂಚಕ್ರವನ್ನು ಹಿಡಿದಿರುವ ತೋಳಿನ ಬುಷ್ ಸವೆದು ಅದರ ರಂಧ್ರವು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅದನ್ನು ಅಳೆದು ಅದರಂತೆಯೇ ಕಂಚಿನಲ್ಲಿ ಕಡೆದರೆ ಏನಾಗುತ್ತದೆ? ಐವತ್ತು ವರ್ಷಗಳ ಸವಕಳಿಗೂ ನಕಲು ತೆಗೆದಂತಾಗುತ್ತದೆ. ಅವನು ಹಾಗೆ ಮಾಡಲಿಲ್ಲ. ಬುಷ್ಷಿನೊಳಗೆ ಹಾಯುವ ದಂಡದ ತುದಿಯಲ್ಲಿ, ಎಂದೂ ತಿಕ್ಕಾಟಕ್ಕೆ ಸಿಲುಕದ ಅರ್ಧ ಅಂಗುಲ ಜಾಗವಿತ್ತು. ಮೈಕ್ರೋಮೀಟರನ್ನು ಅಲ್ಲಿಗೆ ಇಟ್ಟು, ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೆ ಓದಿ, ಎಣ್ಣೆಯ ತೆಳು ಪದರಕ್ಕೆ ಎಷ್ಟು ಸಂದು ಬೇಕೋ ಅಷ್ಟನ್ನು ಕೂಡಿಸಿ ರಂಧ್ರವನ್ನು ಕಡೆದನು. ಎಂದರೆ, ಕೈಯಲ್ಲಿರುವ ವಸ್ತುವನ್ನು ಬಿಟ್ಟು, ಅದನ್ನು ಮೊದಲು ಮಾಡಿದವನ ಮನಸ್ಸಿನಲ್ಲಿ ಏನಿತ್ತೋ ಅದನ್ನು ಅನುಸರಿಸಿದನು. ಅಳಿಸಿಹೋದ ಶಾಸನವನ್ನು ಉಳಿದ ನಾಲ್ಕು ಅಕ್ಷರಗಳಿಂದ ಓದುವವರ ಕೆಲಸವೂ ಇಂತಹದೇ. ಇಂತಹ ಭಾಗವನ್ನು ನಕಲು ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಸರ್ಕಾರಕ್ಕೂ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿಯೇ ಉಳಿದ, ಚಾಸಿ, ಹೊರಕವಚ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ 'ವಿಎ' ಅಕ್ಷರಗಳುಳ್ಳ ವಿಶೇಷ ಸಂಖ್ಯೆ ದೊರೆಯುತ್ತದೆ. ಗಣನೀಯ ಎಂದರೆ ಎಷ್ಟು? ನಾಗಸೇನನನ್ನೇ ಕರೆಸಬೇಕು.

ಇಷ್ಟರವರೆಗೆ ತರ್ಕದ ಮಾತು. ತರ್ಕದಲ್ಲಿ ಸೋತರೆ ಯಾರಿಗೂ ನಷ್ಟವಿಲ್ಲ. ನಿಜವಾದ ಪರೀಕ್ಷೆ ಆಮೇಲೆ ಬಂದಿತು. ಜಾವಾದ ಚೈನಿಗೆ ಪೂರ್ತಿ ಮುಚ್ಚಿದ ತಗಡಿನ ಕವಚವಿರುತ್ತದೆ. ಇವನ ಗಾಡಿಯದು ತುಕ್ಕಿನಿಂದ ಜರಡಿಯಾಗಿತ್ತು. ಹಲಸಿನ ಮರದಲ್ಲಿ ಅಚ್ಚು ಕೆತ್ತಿ, ಅದರ ಮೇಲೆ ತಗಡನ್ನು ಮಡಿಸಿ ಬಡಿದು, ಮೂರು ತಗಡು ಹಾಳಾದ ಮೇಲೆ ನಾಲ್ಕನೆಯದರಲ್ಲಿ ಗೆದ್ದನು. ಅದನ್ನು ಕಂಡ ಬೆಂಗಳೂರಿನವರೊಬ್ಬರು, ಇಂತಹ ಹತ್ತು ಜೊತೆ ಮಾಡಿಕೊಡಿ, ಕಾರ್ಖಾನೆಯ ಗುರುತನ್ನು ಒತ್ತಿ, ಸ್ವಲ್ಪ ತುಕ್ಕನ್ನೂ ಹಿಡಿಸಿ, ಮೂಲ ಸಾಮಾನೆಂದರೆ ಎರಡು ಪಟ್ಟು ಬೆಲೆ ಬರುತ್ತದೆ ಎಂದರಂತೆ. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದ್ದ ತಿಂಗಳು ಅದು.

"ಇದರಲ್ಲಿ ತಪ್ಪೇನು ಸಾರ್? ಅಳತೆ ಅದೇ. ತಗಡು ಹಳೆಯದಕ್ಕಿಂತ ದಪ್ಪ. ಕಾರ್ಖಾನೆ ಮುಚ್ಚಿ ಎಷ್ಟು ಕಾಲವಾಯ್ತು. ಯಾರಿಗೆ ನಷ್ಟ?" ಎಂದು ನಮ್ಮನ್ನು ಕೇಳಿದನು.

ಹಗುರಾದ ಪ್ರಶ್ನೆಯಲ್ಲ. ಮೂಲ ಭಾಗವನ್ನು ಕೊಳ್ಳುವವನು ತಗಡಿಗಷ್ಟೇ ಹಣ ಕೊಡುವುದಿಲ್ಲ, ಒಂದು ಸಾಕ್ಷ್ಯಕ್ಕೆ ಕೊಡುತ್ತಾನೆ: ಇದು ಮೈಸೂರಿನಲ್ಲಿ, ಇಂತಹ ಕಾಲದಲ್ಲಿ, ಅಲ್ಲಿಯ ಕೆಲಸಗಾರರ ಕೈಯಲ್ಲಿ ಆದದ್ದು ಎಂಬ ಸಾಕ್ಷ್ಯಕ್ಕೆ. ಸಾಕ್ಷ್ಯ ಸುಳ್ಳಾದ ಮೇಲೆ ತಗಡು ಎಷ್ಟು ದಪ್ಪವಿದ್ದರೇನು? ಬೆಸುಗೆ ಬಿಟ್ಟರೆ ದೂರು ಹೋಗುವುದು ಮೈಸೂರಿನವರ ಮೇಲೆ. ಮುಚ್ಚಿದ ಕಾರ್ಖಾನೆ ಎದ್ದುಬಂದು ಉತ್ತರ ಹೇಳಲಾರದು. ಇನ್ನು ಆ ನಾಲ್ಕನೆಯ ತಗಡಿನ ಕೌಶಲ? ಅದು ಮಾಡಿದವನ ಹೆಸರಿಗೇ ಸೇರದೆ ಹೋಗುತ್ತದೆ. ನಮಗೆ ಹೆಚ್ಚು ಕೆಡುಕೆನಿಸಿದ್ದು ಇದು.

ಪ್ರಾಣದ ಮಾತೂ ಇದೆ. ಸಾಧಾರಣ ಮೆದು ಉಕ್ಕಿನಲ್ಲಿ ಕಡೆದ ಚಕ್ರದ ಅಚ್ಚಿಗೂ, ಮಿಶ್ರಲೋಹದಲ್ಲಿ ಮಾಡಿ ಹದ ಕೊಟ್ಟ ಅಚ್ಚಿಗೂ ಕಣ್ಣಿಗೆ ಭೇದ ಕಾಣದು. ಅಳತೆ ಒಂದೇ, ಹೊಳಪು ಒಂದೇ. ಗುಂಡಿಗೆ ಬಿದ್ದಾಗ ಮಾತ್ರ ಗುಣ ತಿಳಿಯುತ್ತದೆ, ಹಿಂದಿನ ಸೀಟಿನಲ್ಲಿ ಮಗು ಕುಳಿತಿದ್ದರೂ. ಬ್ರೇಕಿಗೂ ಅಚ್ಚಿಗೂ ತಾನು ಕೈ ಹಾಕುವುದಿಲ್ಲವೆಂಬುದು ಅವನ ಮೊದಲಿನಿಂದಲೂ ಇದ್ದ ನಿಯಮ. ಆದರೆ ಕವಚವನ್ನು ಮೂಲವೆಂದು ಮಾರಿ ರುಚಿ ಕಂಡ ವ್ಯಾಪಾರಿ ನಾಳೆ ಅಚ್ಚನ್ನೂ ಕೇಳದಿರುವನೇ?

ನಮ್ಮ ದೇವಾಲಯಗಳಲ್ಲಿ ಜೀರ್ಣೋದ್ಧಾರವೆಂಬ ಪದ್ಧತಿ ಉಂಟು. ಶಿಥಿಲವಾದ ಕಲ್ಲನ್ನು ತೆಗೆದು ಹೊಸ ಕಲ್ಲನ್ನು ಇಟ್ಟವರು ಅದನ್ನು ಆದಿಯ ಕಲ್ಲೆಂದು ಹೇಳಿಕೊಳ್ಳಲಿಲ್ಲ. ಯಾರು, ಯಾವ ಸಂವತ್ಸರದಲ್ಲಿ ಸರಿಪಡಿಸಿದರೆಂದು ಎಷ್ಟೋ ಕಡೆ ಕಲ್ಲಿನ ಮೇಲೆಯೇ ಬರೆಸಿದರು. ದೇವಾಲಯ ಅದೇ ಆಗಿ ಉಳಿಯಿತು, ಹೊಸ ಕಲ್ಲೂ ಮರ್ಯಾದೆ ಪಡೆಯಿತು. ನಾವು ಅವನಿಗೆ ಇದನ್ನೇ ಹೇಳಿದೆವು. ಹಾಗಾದರೆ ಟ್ಯಾಂಕಿನ ಮೇಲೆ ತಾನೇ ಎರಕ ಹೊಯ್ದು ಹಚ್ಚಿರುವ ಜಾವಾ ಬಿಲ್ಲೆ ಸುಳ್ಳೇ ಎಂದು ಕೇಳಿದನು. ಮನೆಯಲ್ಲಿರುವವರೆಗೆ ಅದು ತಂದೆಯ ನೆನಪು, ಮಾರುವ ದಿನ ಹೇಳದಿದ್ದರೆ ಸುಳ್ಳು ಎಂದೆವು. (ಇದನ್ನು ಕೇಳಿಸಿಕೊಂಡ ನಮ್ಮ ಮನೆಯವರು, ಬಣ್ಣ ಹಚ್ಚಿದ ಕೂದಲಿಗೂ ಇದೇ ನ್ಯಾಯವೋ ಎಂದರು. ಆ ವಿಷಯ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.)

ಬೆಂಗಳೂರಿನವರು ಮತ್ತೆ ಬರಲಿಲ್ಲ. ಶುಲ್ಕಕ್ಕೆ ಸಹಕಾರ ಸಂಘದಲ್ಲಿ ಸಾಲ ತೆಗೆದದ್ದಾಯಿತು. ಹತ್ತರ ಬದಲು ನಾಲ್ಕು ಜೊತೆ ಹೋದವು, ಮಾರಂಡಹಳ್ಳಿಯಲ್ಲಿ ಮಾಡಿದ್ದೆಂದು ತಿಳಿದೇ ಕೊಂಡವರಿಗೆ, ಅರ್ಧ ಬೆಲೆಗೆ. ಮುದ್ರೆ ಹೊರಗೆ ಕಾಣಬೇಕೆಂದು ನಾವು, ಅಂದ ಕೆಡುತ್ತದೆಂದು ಅವನು. ಕೊನೆಗೆ ಕವಚದ ಒಳಬದಿಯಲ್ಲಿ ಮುದ್ರೆ, ರಸೀದಿಯಲ್ಲಿ ಬರಹ ಎಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಸಿಕ್ಕಿದ್ದು ಇಂಗ್ಲಿಷ್ ಅಕ್ಷರಗಳ ಪಂಚುಗಳು ಮಾತ್ರ. ಅವನು ಉಕ್ಕಿನ ಸರಳೊಂದರ ತುದಿಯನ್ನು ಅರದಿಂದ ಉಜ್ಜಿ 'ಮಾ' ಎಂದು ಕೆತ್ತತೊಡಗಿದನು. ಅಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೆತ್ತಬೇಕಲ್ಲವೇ. ದೀರ್ಘವು ಎಡಕ್ಕೆ ಹೋಗಬೇಕು. ಎರಡು ಸರಳುಗಳು ಹಾಳಾದವು. ಮೂರನೆಯದನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮೊದಲು ಒಂದು ಹಳೆಯ ಡಬ್ಬಿಯ ಮುಚ್ಚಳದ ಮೇಲೆ ಹೊಡೆದು, ಸರಿಯಾಗಿ ಬಿದ್ದಿದೆಯೇ ನೋಡಿ ಸಾರ್ ಎಂದು ನಮ್ಮ ಕೈಗೆ ಕೊಟ್ಟನು.