ಮುಂದಿನವರ ನ್ಯಾಯಾಸನ

ಪ್ರತಿಯೊಂದು ಕಾಲವೂ ತನ್ನ ಕೆಲವು ಅಭಿಪ್ರಾಯಗಳನ್ನು ಸ್ವತಃಸಿದ್ಧವೆಂದು ಭಾವಿಸುವುದು. ಅನಂತರದ ಕಾಲವು ಅವುಗಳನ್ನೇ ವಿಚಾರಣೆಗೆ ಗುರಿಪಡಿಸುವುದು. ಮಸ್ಕಿಯ ಅಶೋಕಶಾಸನವು ಇದಕ್ಕೆ ನಿದರ್ಶನ. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಬೆಳಕಿಗೆ ತಂದ ಈ ಲಿಪಿಯು, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳಿದುದರಿಂದ ಪ್ರಸಿದ್ಧವಾಯಿತು. ಧರ್ಮನಿಷ್ಠನಾದರೆ ಅಲ್ಪನೂ ಉನ್ನತವಾದ ಗುರಿಯನ್ನು ಮುಟ್ಟಬಲ್ಲನು, ಅದು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು ಎಂಬುದು ಅದರ ಸಾರ. ಹಾಗೆ ತಿಳಿದವರು ಅಂದು ಇಲ್ಲದಿದ್ದರೆ ಇದನ್ನು ಕಲ್ಲಿನಲ್ಲಿ ಕೊರೆಯಿಸುವ ಅಗತ್ಯವೇನಿತ್ತು?

ಹಾಗಾದರೆ ನಮ್ಮ ಯಾವ ಮತವನ್ನು ಮುಂದಿನವರು ಪ್ರಶ್ನಿಸುವರು? ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಹೊಲದಲ್ಲಿ ನೀರು ನಿಂತಷ್ಟೂ ಸಮೃದ್ಧಿ ಎಂಬ ನಂಬಿಕೆಯು ಅಂಥದೆಂದು ನನಗೆ ತೋರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಯೋಜಿಸಿದವರು ಅದರ ಬಹುಭಾಗದ ಭೂಮಿಗೆ ಅಲ್ಪಜಲದ ಬೆಳೆಗಳನ್ನೇ ಉದ್ದೇಶಿಸಿದ್ದರು. ಆದರೆ ಸಿಂಧನೂರಿನ ಎರೆಭೂಮಿಯು ಇಂದು ಭತ್ತದ ಕಣಜವಾಗಿದೆ. ಕಾಲುವೆಯ ಕೊನೆಯ ರೈತನು ನೀರಿಗಾಗಿ ಕಾಯುತ್ತಾನೆ. ಮೇಲ್ಭಾಗದಲ್ಲಿ ನೀರು ಬಸಿಯದ ಹೊಲಗಳು ಸವುಳು-ಜವುಳಾಗುತ್ತಿವೆ. ಜಲಾಶಯವೂ ಹೂಳಿನಿಂದ ಕುಗ್ಗಿದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ, ಈ ಐಶ್ವರ್ಯವು ಎಷ್ಟು ಸಣ್ಣ ಆಧಾರದ ಮೇಲೆ ನಿಂತಿದೆಯೆಂಬುದು ಎಲ್ಲರಿಗೂ ಕಂಡಿತು.

ಇಲ್ಲಿ ಪೂರ್ವಪಕ್ಷವೊಂದುಂಟು: ಬರದ ನಾಡಿನಲ್ಲಿ ಅನ್ನವನ್ನು ಕಂಡವನಿಗೆ ಈ ಉಪದೇಶವೇಕೆ? ಭತ್ತವು ಸಾಲ ತೀರಿಸಿತು, ಮಕ್ಕಳನ್ನು ಓದಿಸಿತು. ಈ ಮಾತು ಸುಳ್ಳಲ್ಲ. ಲಿಂಗಸುಗೂರು ಕಡೆ ಮಳೆಯನ್ನೇ ನಂಬಿ ಬಿತ್ತುವವನು ಕಾಲುವೆಯ ನೀರನ್ನು ಆಸೆಯಿಂದ ನೋಡುವುದೂ ಸಹಜವೇ. ಆದರೆ ಹಿಂದಿನ ಅನೇಕ ಅನ್ಯಾಯಗಳಿಗೂ ಇಂಥದೇ ಸಕಾರಣವಾದ ಸಮರ್ಥನೆಯಿತ್ತೆಂಬುದನ್ನು ಮರೆಯಲಾಗದು.

ಆದುದರಿಂದ ಸಿದ್ಧಾಂತವಿದು: ಯಾವ ಮತದ ಲಾಭವನ್ನು ಉಣ್ಣುವವರು ಸಭೆಯಲ್ಲಿದ್ದು, ನಷ್ಟವನ್ನು ಹೊರುವವರು ಹೊರಗಿರುವರೋ, ಆ ಮತವು ಎಷ್ಟೇ ಸರ್ವಸಮ್ಮತವಾಗಿದ್ದರೂ ಶಂಕಾರ್ಹವೇ. ಕಾಲುವೆಯ ಕೊನೆಯವನು ಬಂದು ಕೂಗಿಯಾದರೂ ಹೇಳಿಯಾನು. ಇನ್ನೂ ಹುಟ್ಟದವನಿಗೆ ಆ ಬಾಯಿಯೂ ಇಲ್ಲ. ಸಂತಾನದಿಂದ ಪಿತೃಋಣವು ತೀರುವುದೆಂದು ನಮ್ಮ ಹಿರಿಯರು ನಂಬಿದ್ದರು. ಆದರೆ ಆ ಸಂತಾನಕ್ಕೆ ಉಪ್ಪುಗಟ್ಟಿದ ನೆಲವನ್ನು ಉಳಿಸಿಹೋದರೆ ಋಣವು ತೀರಿತೆಂದು ಹೇಗೆ ಹೇಳುವುದು? ಮಗನಿಗೆ ಹೊಲ ಬಿಟ್ಟೆನೆಂದರೆ ಸಾಲದು. ಅದರಲ್ಲಿ ಜೋಳವಾದರೂ ಬೆಳೆಯುವಂತೆ ಬಿಡಬೇಕು.