ರಜೆ ಯಾರಿಗೆ?

ಇಂದಿನ ಚಿಂತನೆ.

ಬೇವು ಹೂಬಿಟ್ಟಿದೆ, ಶಾಲೆಗೆ ರಜೆ ಬಿದ್ದಿದೆ. ವಳಕಮದಿನ್ನಿಯ ಒಂದು ಎಳೆಯ ಸಂಸಾರ ಬುತ್ತಿ ಕಟ್ಟಿಕೊಂಡು ಮಸ್ಕಿಯ ಅಶೋಕನ ಶಾಸನ ನೋಡಲು ಹೊರಟಿದೆ ಎಂದುಕೊಳ್ಳಿ. ಮಕ್ಕಳಿಗೆ ಸಂಭ್ರಮ, ಅಪ್ಪನಿಗೆ ಬಿಡುವು. ಅವ್ವ ಮಾತ್ರ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿದ್ದಾಳೆ. ಸಂಜೆ ಬಂದು ಮುಸುರೆ ತಿಕ್ಕುವವಳೂ ಅವಳೇ. ಇದು ಯಾರ ರಜೆ?

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗೃಹಸ್ಥನಿಗೆ ಹೇಳಿದ ಕರ್ತವ್ಯಗಳಲ್ಲಿ ಎರಡನ್ನು ಜೊತೆಗಿಟ್ಟು ನೋಡೋಣ. ದುಡಿಯುವವರಿಗೆ ಸಕಾಲಕ್ಕೆ ಬಿಡುವು ಕೊಡಬೇಕು. ಹೆಂಡತಿಯನ್ನು ಗೌರವದಿಂದ ಕಾಣಬೇಕು, ತಾತ್ಸಾರ ಮಾಡಬಾರದು. ಕೆಲಸದವರಿಗೆ ಸಲ್ಲುವ ಬಿಡುವು ಮನೆಯಾಕೆಗೆ ಸಲ್ಲದೇ?

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಖಾತೆ ಸದಸ್ಯರಾಗಿದ್ದಾಗ ಕಾರ್ಖಾನೆ ಕಾರ್ಮಿಕರಿಗೆ ಸಂಬಳಸಹಿತ ರಜೆಯ ಕಾನೂನು ಬಂತು. ಬಿಡುವು ಧಣಿಯ ಕೃಪೆಯಲ್ಲ, ದುಡಿದವರ ಹಕ್ಕು ಎಂದಾಯಿತು. ಅಡುಗೆಮನೆಗೆ ಆ ಕಾನೂನು ಬರುವುದಿಲ್ಲ. ಅಲ್ಲಿ ನಮ್ಮ ಶೀಲವೇ ಕಾನೂನು.

"ಪ್ರೀತಿಯಿಂದ ಮಾಡುತ್ತಾಳೆ, ದಣಿವೇನು?" ಎನ್ನುವವರಿದ್ದಾರೆ. ಪ್ರೀತಿ ಇರುವುದು ನಿಜ. ಆದರೆ ಹುಟ್ಟು ನೋಡಿ ಕೆಲಸ ಗೊತ್ತುಮಾಡುವುದನ್ನೇ ಅಲ್ಲವೇ ನಾವು ಬಿಟ್ಟು ಬಂದದ್ದು? ಊರಲ್ಲಿ ಬೇಡವೆಂದದ್ದನ್ನು ಒಲೆ ಮುಂದೆ ಉಳಿಸಿಕೊಳ್ಳಬಾರದು.

ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯರಿಗೂ ಸಿಗುತ್ತದೆ ಎಂಬುದು ಮಸ್ಕಿ ಶಾಸನದ ಮಾತಿನ ಸಾರ. ಸಾಮಾನ್ಯರ ಧಮ್ಮ ಮನೆಯಿಂದಲೇ ಶುರುವಾಗಲಿ: ನಾಳೆ ಅಪ್ಪ ರೊಟ್ಟಿಹಿಟ್ಟು ನಾದಲಿ, ಮಗ ತಾಟು ತೊಳೆಯಲಿ, ಅವ್ವ ಒಂದಿಷ್ಟು ಹೊತ್ತು ಕಾಲು ಚಾಚಿ ಕೂರಲಿ.

ಭವತು ಸಬ್ಬ ಮಂಗಲಂ.