ಸಮಾಜ ವಿಜ್ಞಾನ ಶಿಕ್ಷಕನ ಸತ್ಯನಿಷ್ಠೆ

2015ರಲ್ಲಿ ಬಿ.ಎಡ್. ವ್ಯಾಸಂಗದ ಅವಧಿ ಒಂದು ವರ್ಷದಿಂದ ಎರಡು ವರ್ಷಗಳಿಗೆ ಏರಿತು. ಆದರೆ ಸಮಾಜ ವಿಜ್ಞಾನವನ್ನು ಬೋಧಿಸಹೊರಟ ವಿದ್ಯಾರ್ಥಿಯ ಮುಂದೆ, ಅವಧಿ ಹೆಚ್ಚಿದ ಮಾತ್ರಕ್ಕೆ ಬಗೆಹರಿಯದ ಪ್ರಶ್ನೆಯೊಂದಿದೆ: ತನ್ನವರ ಚರಿತ್ರೆಯನ್ನು ಪಕ್ಷಪಾತವಿಲ್ಲದೆ ಬೋಧಿಸುವುದು ಹೇಗೆ?

ಶ್ರವಣಬೆಳಗೊಳದ 1368ರ ಶಾಸನವನ್ನೇ ತೆಗೆದುಕೊಳ್ಳೋಣ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ತೀರ್ಮಾನಿಸಿದ ಸಂಗತಿ ಅದರಲ್ಲಿದೆ. ಜೈನ ಶಿಕ್ಷಕನು ಕಲಹವನ್ನಷ್ಟೇ ಹೇಳಿದರೆ ಮಕ್ಕಳಲ್ಲಿ ವೈರ ಬೆಳೆದೀತು. ಸಾಮರಸ್ಯವನ್ನಷ್ಟೇ ಹೇಳಿದರೆ, ಜೈನರು ಅರಸನಲ್ಲಿಗೆ ದೂರು ಒಯ್ಯಬೇಕಾಗಿ ಬಂದ ನೋವು ಮರೆಯಾದೀತು. ಎರಡನ್ನೂ ಹೇಳಿ, ಶಾಸನದ ಪಾಠವನ್ನೇ ಮಕ್ಕಳ ಕೈಗಿತ್ತು, ನಿರ್ಣಯವನ್ನು ಅವರ ವಿವೇಚನೆಗೆ ಬಿಡುವುದೇ ಶಿಕ್ಷಕಧರ್ಮ.

ಅನೇಕಾಂತವೆಂದರೆ ಸತ್ಯವನ್ನು ಮೆದುಗೊಳಿಸುವುದಲ್ಲ. ಅದರ ಯಾವ ಮುಖವನ್ನೂ ಮರೆಮಾಡದಿರುವುದು. ಈ ಸಂಯಮವನ್ನು ಸಾಧಿಸದವನಿಗೆ ಪದವಿ ದೊರೆತೀತು, ಗುರುಸ್ಥಾನ ದೊರೆಯದು.